ಕಾಪುವಿನ ಕಡಲಲ್ಲಿ ಕಯಾಕ್ ಗಾಳ: ಒಬ್ಬರೇ ಹೋಗಿ ನಾಲ್ಕಾರು ಜಾತಿ ಮೀನು ಹಿಡಿಯುವ ಕ್ರಮ

ಕಯಾಕ್ ಎಂಬ ಹುಟ್ಟು ಹಾಕುವ ಕಿರುದೋಣಿಯಲ್ಲಿ ಕಡಲಿಗೆ ಹೋಗಿ ಗಾಳ ಹಾಕಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ರಾಡಿನ ರೇಟು. ರಾಡು ಆಮೇಲೆ ನೋಡುವ. ಒಬ್ಬರೇ ಹೋಗುವ ದಿನಕ್ಕೆ ಬೇಕಾದ್ದು ಎರಡು ಅಂದಾಜು. ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂಬುದು ಒಂದು, ನಿಮ್ಮ ಕೆಳಗಿರುವುದು ಮರಳೋ ಕಲ್ಲೋ ಕೆಸರೋ ಎಂಬುದು ಇನ್ನೊಂದು. ಮೊದಲನೆಯದು ನಿಮ್ಮನ್ನು ಮನೆ ಮುಟ್ಟಿಸುತ್ತದೆ, ಎರಡನೆಯದು ಬುಟ್ಟಿಗೆ ಬೇರೆ ಬೇರೆ ಮೀನು ತರುತ್ತದೆ. ಒಂದೇ ಕಡೆ ಕೂತು ಗಂಟೆಗಟ್ಟಲೆ ಲೂರ್ (ನಕಲಿ ಎರೆ) ಬದಲಿಸಿದರೆ ಲೂರ್ ಮಾರಿದವನಿಗೆ ಲಾಭ. ಜಾಗ ಬದಲಿಸಿ, ಮೀನು ತಾನಾಗಿ ಬದಲಾಗುತ್ತದೆ.

ನಾನು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಇನ್ವರ್ಟರ್, ಬ್ಯಾಟರಿ ರಿಪೇರಿ ಮಾಡುವವನು. ಭಾನುವಾರ ಅಂಗಡಿಗೆ ರಜೆ. ಹೆಂಡತಿಯ ಮನೆ ಕಾಪು. ಮಾವ ಕೈರಂಪಣಿ ಬಲೆ ಎಳೆದು, ನಾಡದೋಣಿಯಲ್ಲಿ ದುಡಿದು ಈಗ ಮನೆ ಜಗಲಿಯಲ್ಲಿ ಬಲೆ ರಿಪೇರಿ ಮಾಡುತ್ತಾ ಕೂರುತ್ತಾರೆ. ಕಯಾಕನ್ನು ಅವರು ಈಗಲೂ "ಪ್ಲಾಸ್ಟಿಕ್ಕಿನ ಮರಿಗೆ" (ತೊಟ್ಟಿ) ಅಂತಲೇ ಕರೆಯುವುದು. ಆದರೆ ಈ ಬರಹದಲ್ಲಿ ಕಡಲಿನ ಬಗ್ಗೆ ಇರುವ ಮಾತು ಮುಕ್ಕಾಲು ಪಾಲು ಅವರದ್ದೇ. ಹೇಳುವುದೆಲ್ಲ ಕಾಪು–ಪೊಲಿಪು ಕಡೆಯ ನೀರಿನ ಲೆಕ್ಕದಲ್ಲಿ. ಮಲ್ಪೆಯವರು, ಮರವಂತೆಯವರು ತಮ್ಮ ಕಲ್ಲು, ತಮ್ಮ ಅಳಿವೆ (ಹೊಳೆ ಕಡಲು ಸೇರುವ ಜಾಗ) ನೋಡಿಕೊಂಡು ಹೊಂದಿಸಿಕೊಳ್ಳಬೇಕು. ಅಳಿವೆ ಬಾಯಿಯಿಂದ ಮಾತ್ರ ಹೊಸಬರು ಒಬ್ಬರೇ ಹೊರಗೆ ಹೋಗಬೇಡಿ. ಇಳಿತದ ನೀರು ಹೊರಗೆ ನುಗ್ಗುವಾಗ ಒಳಗೆ ಬರುವ ತೆರೆ ಅದಕ್ಕೆ ಢಿಕ್ಕಿ ಹೊಡೆದು ಗೋಡೆ ಎದ್ದು ನಿಲ್ಲುತ್ತದೆ. ದೊಡ್ಡ ದೋಣಿಗಳೇ ಅಲ್ಲಿ ಮಗುಚಿದ್ದುಂಟು.

ತಿಂಗಳು ಮತ್ತು ಗಾಳಿ

ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಉಂಟು. ಕಯಾಕಿನವರಿಗೆ ಆ ದಿನಗಳಲ್ಲಿ ಕಾನೂನು ಹೇಳಿಕೊಡಬೇಕಾಗಿಲ್ಲ, ದಡದ ತೆರೆಯೇ ಹಿಂದೆ ತಳ್ಳುತ್ತದೆ. ಸೆಪ್ಟೆಂಬರಿನಲ್ಲಿ ನೀರು ಇನ್ನೂ ಕಲಕಿರುತ್ತದೆ. ಮಾರ್ಚ್ ದಾಟಿದ ಮೇಲೆ ಬೇರೆ ತಕರಾರು: ಎಲ್ಲೋ ದಕ್ಷಿಣದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ದಡಕ್ಕೆ ಬರುತ್ತದೆ. ಇಲ್ಲಿ ಗಾಳಿ ಇಲ್ಲ, ಆಕಾಶ ಶುಭ್ರ, ಆದರೂ ದಡದಲ್ಲಿ ತೆರೆ ಧಬಧಬ.

ಆದ್ದರಿಂದ ಶನಿವಾರ ರಾತ್ರಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡುವಾಗ ಅಲೆಯ ಎತ್ತರ ಒಂದನ್ನೇ ನೋಡಬೇಡಿ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಅಂತ ನೋಡಿ. 0.8 ಮೀಟರ್ ಎತ್ತರ, 7 ಸೆಕೆಂಡು ಅಂದರೆ ಕಯಾಕ್ ಸ್ವಲ್ಪ ಕುಣಿಯುತ್ತದೆ, ಅಷ್ಟೆ. ಅದೇ 0.8 ಮೀಟರ್, 15 ಸೆಕೆಂಡು ಅಂದರೆ ಹೊರಗೆ ಏನೂ ಗೊತ್ತಾಗದೆ ದಡದಲ್ಲಿ ಎದ್ದು ಬಡಿಯುವ ತೆರೆ. ಅಂಥ ದಿನ ನಾನು ಮನೆಯಲ್ಲಿ ರೀಲಿಗೆ ಎಣ್ಣೆ ಹಾಕುತ್ತೇನೆ.

ಗಾಳಿಯ ವಿಷಯ ಹೀಗೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ತಣಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲ ಕಡೆಗೆ, ಅಂದರೆ ಮೂಡುಗಾಳಿ. ನೀರು ನಯವಾಗಿರುತ್ತದೆ, ಹುಟ್ಟು ಹಾಕುವುದೇ ಬೇಡ ಅನ್ನುವಷ್ಟು ಸಲೀಸಾಗಿ ಹೊರಗೆ ಹೋಗುತ್ತೀರಿ. ಅಪಾಯ ಇರುವುದು ಈ ಸಲೀಸಿನಲ್ಲೇ. ಹತ್ತು ಗಂಟೆಯ ಹೊತ್ತಿಗೆ ಗಾಳಿ ಬೀಳುತ್ತದೆ. ಹನ್ನೊಂದು, ಹನ್ನೆರಡರ ಸುಮಾರಿಗೆ ಪಡುವಣದಿಂದ, ವಾಯವ್ಯದಿಂದ ಶುರುವಾಗುತ್ತದೆ. ನಮ್ಮ ಪುಣ್ಯಕ್ಕೆ ಈ ಮಧ್ಯಾಹ್ನದ ಗಾಳಿ ದಡದ ಕಡೆಗೇ ತಳ್ಳುವುದು. ಆದರೆ ಜೊತೆಗೆ ತೆರೆಯನ್ನೂ ಎಬ್ಬಿಸುತ್ತದೆ.

ಹೊರಟ ಮೇಲೆ ಅರ್ಧ ಕಿಲೋಮೀಟರಿನಲ್ಲಿ ಒಂದು ಪರೀಕ್ಷೆ ಮಾಡಿ. ಕಯಾಕನ್ನು ಪೂರಾ ತಿರುಗಿಸಿ, ದಡದ ಕಡೆ ಎರಡು ನಿಮಿಷ ಹುಟ್ಟು ಹಾಕಿ. ಕಾಪು ದಡದ ದೀಪಸ್ತಂಭ ಹತ್ತಿರ ಬರಬೇಕು. ಬೆವರು ಬಂತು, ದೀಪಸ್ತಂಭ ಬರಲಿಲ್ಲ ಅಂದರೆ ಆವತ್ತಿನ ಮೂಡುಗಾಳಿ ನಿಮಗಿಂತ ಗಟ್ಟಿ ಉಂಟು. ವಾಪಸ್ ಬಂದುಬಿಡಿ. ಡಿಸೆಂಬರ್, ಜನವರಿಯಲ್ಲಿ ಇಂಥ ಬೆಳಗು ಬರುತ್ತದೆ.

ಸಾಮಾನು

ಮೇಲೆ ಕೂರುವ ಜಾತಿಯ ಕಯಾಕೇ ಆಗಬೇಕು, ಒಳಗೆ ಕಾಲು ತೂರಿಸುವುದು ಬೇಡ. ಮಗುಚಿದರೂ ಅದರಲ್ಲಿ ನೀರು ತುಂಬುವುದಿಲ್ಲ, ತೂತುಗಳಿಂದ ತಾನೇ ಇಳಿದುಹೋಗುತ್ತದೆ. 11–12 ಅಡಿ ಉದ್ದ ಸಾಕು. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಹಿಂದೆ ಒಂದು ಮೀಟರ್ ಕೋಲಿಗೆ ಬಾವುಟ ಕಟ್ಟಿ, ಯಾಕೆಂದರೆ ಟ್ರಾಲ್ ದೋಣಿಯ ಮೇಲಿಂದ ನೋಡುವವನಿಗೆ ತೆರೆಗಳ ನಡುವೆ ನಿಮ್ಮ ತಲೆ ಕಾಣುವುದಿಲ್ಲ.

ಲೈಫ್ ಜಾಕೆಟ್ ಹಾಕಿಕೊಂಡಿರಬೇಕು, ಹಿಂದೆ ಕಟ್ಟಿ ಇಟ್ಟರೆ ಅದು ಸಾಮಾನು ಮಾತ್ರ. ಅದರ ಜೇಬಿನಲ್ಲಿ ಸೀಟಿ, ಚೂರಿ, ನೀರು ಹೋಗದ ಚೀಲದಲ್ಲಿ ಫೋನು. ಫೋನು ಮೈಮೇಲೆ ಇರಬೇಕು, ಕಯಾಕಿನ ಡಬ್ಬಿಯಲ್ಲಿ ಅಲ್ಲ. ಕಯಾಕ್ ತೇಲಿ ಹೋದರೆ ಫೋನು ಬೇಕಾಗುವುದೇ ಆಗ. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಎರಡನ್ನೂ ಮೊದಲೇ ಹಾಕಿಟ್ಟುಕೊಳ್ಳಿ. ನನ್ನ ಹೆಂಡತಿಯ ಹತ್ತಿರ ಒಂದು ಚೀಟಿ ಇರುತ್ತದೆ: ಎಲ್ಲಿಂದ ಇಳಿದೆ, ಯಾವ ಕಲ್ಲಿನ ಕಡೆ, ಎಷ್ಟು ಗಂಟೆಗೆ ದಡ. ಆ ಹೊತ್ತು ಕಳೆದು ಒಂದು ಗಂಟೆಯೊಳಗೆ ನನ್ನ ಫೋನ್ ಬಾರದಿದ್ದರೆ ಮೊದಲು ಮಾವನಿಗೆ ಹೇಳುವುದು, ಅವರು ದೋಣಿಯವರಿಗೆ ಹೇಳುವುದು, ಆ ಕ್ಷಣದಲ್ಲೇ 1093.

ನನ್ನ ಕಸುಬಿನ ಮಾತು ಒಂದು. ನೀರಿನ ಆಳ, ಮೀನು ತೋರಿಸುವ ಫಿಶ್ ಫೈಂಡರಿಗೆ ಜನ ಯುಪಿಎಸ್ಸಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಹಾಕುತ್ತಾರೆ. ಓಡುತ್ತದೆ, ಆದರೆ ಎರಡು ಕಿಲೋ ಮೀರಿದ ಸೀಸ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧ ತೂಕವೂ ಇಲ್ಲ. ಯಾವುದೇ ಇರಲಿ, ಪ್ಲಸ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ, ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಉಪ್ಪುನೀರು ತಾಮ್ರಕ್ಕೆ ಹಿಡಿಸುವ ಹಸಿರು ಕಿಲುಬು ಹೊರಗಿಂದ ಕಾಣುವುದಿಲ್ಲ, ತಂತಿಯ ಒಳಗೇ ನಡೆದುಕೊಂಡು ಹೋಗುತ್ತದೆ.

ರಾಡು ಎರಡೇ. ಒಂದು ಗಟ್ಟಿ, ಒಂದು ಹಗುರ. ಮೂರನೆಯದನ್ನು ತಂದವರು ಅದನ್ನು ಬಿಡಿಸಿಕೊಳ್ಳುವುದರಲ್ಲೇ ಬೆಳಗು ಕಳೆಯುತ್ತಾರೆ. ಗಟ್ಟಿಯದಕ್ಕೆ 30 ಪೌಂಡಿನ ಹೆಣೆದ ದಾರ, ಹಗುರದ್ದಕ್ಕೆ 15. ತುದಿಗೆ ತಂಗೂಸು (ಒಂಟಿ ಎಳೆಯ ನೈಲಾನ್ ದಾರ). ಅಂಜಲ್ ಮೀನಿಗೆ ಮಾತ್ರ ಒಂದು ಗೇಣು ಉಕ್ಕಿನ ತಂತಿ. ಪ್ರತಿ ರಾಡಿಗೂ ಕಯಾಕಿಗೆ ಕಟ್ಟುವ ಹಗ್ಗ. ಕುಡಿಯುವ ನೀರು ಮೂರು ಲೀಟರ್, ತಿನ್ನಲು ಹಿಂದಿನ ದಿನದ ಬನ್ಸ್.

ಮತ್ತೆ ಒಂದು ಕೆಲಸ, ಇದಕ್ಕೆ ದುಡ್ಡು ಬೇಡ: ಸೊಂಟದ ಮೇಲಿನ ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ. ಅಡಿಮೇಲಾದ ಕಯಾಕಿನ ಮೇಲೆ ಕೈ ಚಾಚಿ ಆಚೆಬದಿಯ ಹಿಡಿ ಹಿಡಿದು ಎಳೆದು ನೆಟ್ಟಗೆ ಮಾಡಿ. ನಂತರ ಕಾಲನ್ನು ಹಿಂದಕ್ಕೆ ತೇಲಿಸಿ, ಈಜುವ ಹಾಗೆ ಬಡಿಯುತ್ತಾ ಹೊಟ್ಟೆಯನ್ನು ಸೀಟಿನ ಮೇಲೆ ಎಳೆದುಕೊಳ್ಳಿ, ಹೊರಳಿ ಕೂರಿ, ಕಾಲು ಒಳಗೆ ತನ್ನಿ. ನೇರ ಮೇಲಕ್ಕೆ ಹತ್ತಲು ಹೋದರೆ ಅದು ನಿಮ್ಮ ಮೇಲೆಯೇ ಬೀಳುತ್ತದೆ. ಸುಸ್ತಾದಾಗಲೂ ಇದು ಬರುವ ತನಕ ಒಬ್ಬರೇ ಹೋಗಬೇಡಿ.

ತೆರೆ ದಾಟುವುದು

ಬೆಳಕು ಹರಿಯುವ ಹೊತ್ತಿಗೆ, ಡಿಸೆಂಬರಿನಲ್ಲಾದರೆ ಆರೂವರೆಗೆ, ನೀರಿನ ಅಂಚಿನಲ್ಲಿ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿ. ತೆರೆ ಗುಂಪಾಗಿ ಬರುತ್ತದೆ, ದೊಡ್ಡವು ನಾಲ್ಕೈದು, ಆಮೇಲೆ ಒಂದು ಬಿಡುವು. ರಾಡುಗಳನ್ನು ಮಲಗಿಸಿ ಕಟ್ಟಿ, ಗಾಳ ಎಲ್ಲ ಡಬ್ಬಿಯೊಳಗೆ. ದೊಡ್ಡ ಗುಂಪಿನ ಕೊನೆಯ ತೆರೆ ಕುಸಿದ ಕೂಡಲೇ ಹತ್ತಿ, ಮೂತಿ ನೆಟ್ಟಗೆ ತೆರೆಗೆ ಕೊಟ್ಟು, ನಿಲ್ಲಿಸದೆ ಹುಟ್ಟು ಹಾಕಿ. ಮಧ್ಯದಲ್ಲಿ ಒಂದು ತೆರೆ ಎದ್ದು ಬಂದರೆ ಹಿಂಜರಿಯಬೇಡಿ, ಮುಂದೆ ಬಾಗಿ ಇನ್ನೂ ಜೋರು ಹಾಕಿ. ಅಡ್ಡ ತಿರುಗಿದ ಕಯಾಕನ್ನು ಮೊಣಕಾಲೆತ್ತರದ ತೆರೆಯೂ ಮಗುಚಿ ಹಾಕುತ್ತದೆ.

ಮೊದಲ ನೀರು: ಬಂಗುಡೆ, ಅಂಜಲ್

ತೆರೆ ದಾಟಿದ ಮೇಲೆ ಗಟ್ಟಿ ರಾಡಿಗೆ 10–12 ಸೆಂಟಿಮೀಟರಿನ ಮುಳುಗುವ ಲೂರ್ ಕಟ್ಟಿ, 30 ಮೀಟರ್ ಹಿಂದೆ ಬಿಟ್ಟು ಹುಟ್ಟು ಹಾಕುತ್ತಾ ಹೋಗಿ. ಹೇಗೂ ಹೋಗುವ ದಾರಿ, ನಷ್ಟವಿಲ್ಲ. ಬರಾಕುಡಾ, ಕೊಕ್ಕರ್, ಯೋಗ ಇದ್ದರೆ ಅಂಜಲ್. ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತ) ಸಡಿಲ ಇರಲಿ. ಅಂಜಲ್‌ನ ಮೊದಲ ಓಟಕ್ಕೆ ಬಿಗಿದ ದಾರ ನಿಲ್ಲುವುದಿಲ್ಲ.

ಕಣ್ಣು ನೀರಿನ ಮೇಲಿರಲಿ. ಒಂದು ಕಡೆ ಮಾತ್ರ ನೀರು ಸಣ್ಣಗೆ ಪುಟಿಯುತ್ತಿದ್ದರೆ, ಮೇಲೆ ಕಡಲಹಕ್ಕಿ ಸುತ್ತುತ್ತಿದ್ದರೆ ಅದು ಬಂಗುಡೆಯೋ ಭೂತಾಯಿಯೋ. ಗುಂಪಿನ ಒಳಗೆ ನುಗ್ಗಬೇಡಿ, ಚದುರಿ ತಳಕ್ಕಿಳಿಯುತ್ತದೆ. ಅಂಚಿನಲ್ಲಿ ನಿಂತು ಹಗುರ ರಾಡಿನಿಂದ ಗರಿಗಾಳದ ಸರ ಇಳಿಸಿ. ಅಂಗಡಿಯ ಸರದಲ್ಲಿ ಆರು ಗಾಳ ಇರುತ್ತದೆ, ಅರ್ಧ ಕತ್ತರಿಸಿ. ಕಯಾಕಿನಲ್ಲಿ ತೊಡೆಯ ಮೇಲೆ ಮೂರು ಬಂಗುಡೆ ಒದ್ದಾಡುತ್ತಾ ಉಳಿದ ಮೂರು ಗಾಳ ಚಡ್ಡಿಗೆ ಸಿಕ್ಕಿಕೊಳ್ಳುವುದು ಚಂದವಲ್ಲ. ಬಂಗುಡೆ ಕಚ್ಚಿದರೆ ರಾಡಿನ ತುದಿ ಬಾಗುವುದಿಲ್ಲ, ಬಿಡದೆ ನಡುಗುತ್ತದೆ. ಆಗಲೇ ಎತ್ತಬೇಡಿ, ಒಂದು ಮೂರು ಎಣಿಸಿ. ಮೊದಲನೆಯದರ ಒದ್ದಾಟ ನೋಡಿ ಉಳಿದ ಗಾಳಕ್ಕೂ ಬರುತ್ತವೆ.

ಒಂದು ಬಂಗುಡೆಯನ್ನು ಜೀವಂತ ಎರೆಯಾಗಿ ಇಡಿ. ಮೂಗಿನ ಹತ್ತಿರ ಒಂದು ಗಾಳ, ಬೆನ್ನಿನ ಹಿಂಬದಿಗೆ ತಂತಿಯಲ್ಲಿ ಇನ್ನೊಂದು. ಅಂಜಲ್ ಎರೆಯ ಬಾಲ ಕತ್ತರಿಸಿಕೊಂಡು ಹೋಗುವ ಜಾತಿ, ಎರಡನೆಯ ಗಾಳ ಅದಕ್ಕಾಗಿ. ನಡಿಗೆಗಿಂತ ನಿಧಾನವಾಗಿ ಎಳೆಯಿರಿ. ಸಿಕ್ಕಿ ಬದಿಗೆ ಬಂದ ಅಂಜಲ್‌ನ ಬಾಯಿಯ ಹತ್ತಿರ ಬೆರಳು ತರಬೇಡಿ. ಕಾಲಿಗೆ ತಾಗದ ಹಾಗೆ ಬಲೆಯಲ್ಲಿ ಎತ್ತಿ, ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರು ಕೊಯ್ದು ರಕ್ತ ಬಸಿದ ಮೇಲೆಯೇ ಒಳಗೆ.

ಕಲ್ಲು: ಮುರು, ಕೆಂಬೇರಿ

ಕಾಪುವಿನ ದೀಪಸ್ತಂಭ 1901ರದ್ದು, 27 ಮೀಟರ್ ಎತ್ತರ, ಬಂಡೆಯ ಮೇಲೆ ನಿಂತಿದೆ. ಕಯಾಕಿನಲ್ಲಿ ಕೂತವನ ಕಣ್ಣು ನೀರಿನಿಂದ ಒಂದು ಮೀಟರೂ ಮೇಲಿರುವುದಿಲ್ಲ, ಮೂರು ಮೂರೂವರೆ ಕಿಲೋಮೀಟರ್ ದೂರಕ್ಕೆ ಹೋದರೆ ಮರಳಿನ ದಡ ಕಾಣುವುದಿಲ್ಲ. ದೀಪಸ್ತಂಭ ಮಾತ್ರ ಕಾಣುತ್ತಿರುತ್ತದೆ. ಒಬ್ಬರೇ ಹೋದವರು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮಲ್ಲಿ ತಳ ನಿಧಾನವಾಗಿ ಇಳಿಯುವುದು, ಎರಡು ಕಿಲೋಮೀಟರಿನಲ್ಲೂ ಹತ್ತು ಮೀಟರಿನ ಒಳಗೇ ಆಳ.

ಮುಳುಗಿದ ಕಲ್ಲು ಹುಡುಕುವುದಕ್ಕೆ ಮಾವ ಹೇಳಿಕೊಟ್ಟ ವಿದ್ಯೆ ಜಿಪಿಎಸ್ಸಿಗಿಂತ ಬೇಗ ಕೆಲಸ ಮಾಡುತ್ತದೆ. ದಡದಲ್ಲಿ ಹತ್ತಿರದ್ದೊಂದು, ದೂರದ್ದೊಂದು ಗುರುತು ತೆಗೆದುಕೊಂಡು ಎರಡೂ ಒಂದೇ ಗೆರೆಗೆ ಬರುವ ಹಾಗೆ ನಿಲ್ಲುವುದು. ದೀಪಸ್ತಂಭದ ಎಡ ಅಂಚಿಗೆ ಹಿಂದಿನ ಜೋಡಿ ತೆಂಗು ಬರಬೇಕು. ಇದು ಒಂದು ಗೆರೆ. ಬೇರೆ ದಿಕ್ಕಿನಲ್ಲಿ, ನೀರಿನ ಟ್ಯಾಂಕಿಗೆ ಮೊಬೈಲ್ ಟವರ್ ಸೇರಬೇಕು. ಇದು ಇನ್ನೊಂದು. ಎರಡು ಗೆರೆ ಕೂಡುವಲ್ಲಿ ಕಲ್ಲು. ಬಂಗುಡೆಯ ಹಿಂದೆ ಅಲೆದು ತಿರುಗಿ ಬಂದರೂ ಗುರುತು ಅಲ್ಲೇ ಇರುತ್ತದೆ, ಚಾರ್ಜ್ ಮುಗಿಯುವುದಿಲ್ಲ. "ತೆಂಗು ಕಡಿದರೆ ಎಂತ ಮಾಡುವುದು ಮಾವ?" ಅಂತ ಕೇಳಿದ್ದೆ. "ಕಡಿದವನ ಮನೆ ಕಾಣ್ತದಲ್ಲ ಮಾರಾಯ, ಅದನ್ನೇ ಹಿಡಿ" ಅಂದರು.

ಕಲ್ಲಿನ ಮೇಲೆ ನೇರ ಹೋಗಿ ನಿಲ್ಲಬೇಡಿ. ಮೊದಲು ದೂರದಿಂದ ಎರಡು ಗುಂಪು ತೆರೆ ಹೋಗಲಿ. ಕೆಲವು ಕಲ್ಲಿನ ಮೇಲೆ ಸಣ್ಣ ತೆರೆ ಸುಮ್ಮನೆ ದಾಟುತ್ತದೆ, ದೊಡ್ಡದು ಬಂದಾಗ ಮಾತ್ರ ಬಿಳಿಯಾಗಿ ಒಡೆಯುತ್ತದೆ. ಅಂಥದ್ದರಿಂದ ಮೂರು ಕಯಾಕಿನಷ್ಟು ದೂರ ಇರಿ. ಲಂಗರು ನಾನು ಹಾಕುವುದಿಲ್ಲ. ಹಾಕಲೇಬೇಕಿದ್ದರೆ ಹಗ್ಗ ಮೂತಿಯಿಂದಲೋ ಹಿಂಬದಿಯ ತುದಿಯಿಂದಲೋ ಇಳಿಯಬೇಕು. ಪಕ್ಕೆಯಿಂದ ಇಳಿದರೆ ನೀರಿನ ಎಳೆತ ಕಯಾಕನ್ನು ಮಗ್ಗುಲಿಗೆ ಕೆಡವುತ್ತದೆ. ಗಾಳಿಯ ಮೇಲ್ಬದಿಯಿಂದ ತೇಲಿಕೊಂಡು ಕಲ್ಲಿನ ಅಂಚು ಸವರಿ ಹೋಗುವುದು, ಮತ್ತೆ ಸುತ್ತಿ ಬಂದು ತೇಲುವುದು, ಇದೇ ಸರಿ.

40 ಗ್ರಾಮಿನ ಜಿಗ್ (ಮೇಲೆ ಕೆಳಗೆ ಆಡಿಸುವ ಭಾರದ ನಕಲಿ ಎರೆ), ಇಲ್ಲವೇ ಬಂಗುಡೆಯ ತುಂಡು. ತಳ ಮುಟ್ಟಿದ ಕೂಡಲೇ ಎರಡು ಸುತ್ತು ಎತ್ತಿಕೊಳ್ಳಿ. ಇಲ್ಲಿ ಡ್ರ್ಯಾಗ್ ಬಿಗಿ, ಅಂಜಲ್‌ನ ಪೂರಾ ಉಲ್ಟಾ. ಮುರು ಕಚ್ಚಿದ್ದೇ ತನ್ನ ಬಿಲಕ್ಕೆ ತಿರುಗುತ್ತದೆ. ಮೊದಲ ಒಂದು ಮಾರು ನಿಮ್ಮದಾದರೆ ಮೀನು ನಿಮ್ಮದು, ಇಲ್ಲವಾದರೆ ಕಲ್ಲಿನದು. ಒಳಗೆ ಹೊಕ್ಕರೆ ಎಳೆದಾಡಬೇಡಿ, ದಾರ ಸಡಿಲ ಬಿಟ್ಟು ಸ್ವಲ್ಪ ಹೊತ್ತು ಕಾದು ನೋಡಿ, ಕೆಲವೊಮ್ಮೆ ತಾನೇ ಹೊರಬರುತ್ತದೆ. ಕೆಂಬೇರಿ ಹಾಗಲ್ಲ, ತಲೆ ಕೊಡವಿ ಕೊಡವಿ ಎಳೆಯುತ್ತದೆ. ಕೈಗೆ ಬಂದ ಮೇಲೆ ಬೆನ್ನ ಮುಳ್ಳು ನೋಡಿಕೊಳ್ಳಿ.

ಕಲ್ಲಿನ ಸುತ್ತ ಬೆಂಡುಗಳ ಸಾಲು ಕಂಡರೆ ಯಾರದೋ ಬಲೆ. ದೋಣಿ ಹತ್ತಿರ ಇದ್ದರೆ ಕೇಳಿ, "ಅಣ್ಣ, ಬಲೆ ಎಲ್ಲಿಯ ತನಕ ಉಂಟು?" ಅಂತ. ಕೈ ತೋರಿಸಿ ಹೇಳುತ್ತಾರೆ, ಬಹಳ ಸಲ ಮೀನು ಎಲ್ಲಿ ಉಂಟು ಎಂಬುದನ್ನೂ. ಅವರಿಗೆ ಅದು ಅನ್ನ, ನಮಗೆ ಭಾನುವಾರ. ಗಾಳ ಬಲೆಗೆ ಸಿಕ್ಕಿದರೆ ನಿಮ್ಮ ದಾರ ಕತ್ತರಿಸಬೇಕು, ಅವರ ಬಲೆ ಅಲ್ಲ.

ಮರಳು: ಕಾಣೆ

ವಾಪಸ್ ಬರುವ ದಾರಿಯಲ್ಲಿ, ಮೂರರಿಂದ ಆರು ಮೀಟರ್ ಆಳದ ಮರಳಿನ ಮೇಲೆ, ಕಾಣೆ. ನನ್ನ ಪ್ರಕಾರ ಇಡೀ ದಿನದ ಚಂದದ ಗಾಳ ಇದೇ. ದೊಡ್ಡ ಮೀನಿನ ಫೋಟೋ ಹುಚ್ಚಿನವರು ಇದನ್ನು ಬಿಟ್ಟು ಹೋಗುತ್ತಾರೆ, ಹೋಗಲಿ.

ಹಗುರ ರಾಡು, ಉದ್ದ ಕಾಲಿನ ಸಣ್ಣ ಗಾಳ, ಜಾರುವ ಸೀಸದ ಗುಂಡು, ಒಂದು ಮೊಳ ತೆಳು ತಂಗೂಸು. ಎರೆ ಹಸಿ ಸಿಗಡಿ, ಸಿಪ್ಪೆ ತೆಗೆದು ಕಿರುಬೆರಳಿನ ಉಗುರಿನಷ್ಟು. ದೊಡ್ಡ ತುಂಡು ಹಾಕಿದರೆ ತುದಿಯಿಂದ ಕದ್ದು ತಿನ್ನುತ್ತದೆ, ಕಾಣೆಯ ಬಾಯಿ ಸಣ್ಣದು. ಕಯಾಕ್ ತೇಲುತ್ತಾ ಗುಂಡು ಮರಳಿನ ಮೇಲೆ ಎಳೆದುಕೊಂಡು ಹೋಗಬೇಕು, ಅದರ ಹಿಂದೆ ಏಳುವ ಮರಳಿನ ಹೊಗೆ ನೋಡಿಯೇ ಕಾಣೆ ಬರುವುದು. ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಳ್ಳಿ. ಗುಂಡು ಮರಳಲ್ಲಿ ಉಜ್ಜುವುದು ಬೆರಳಿಗೆ ತಿಳಿಯುತ್ತದೆ. ನಡುವೆ ಟಕ್ ಟಕ್ ಎಂದು ಎರಡು. ಅದಕ್ಕೆ ಎಳೆಯಬೇಡಿ. ಆಮೇಲೆ ಉಜ್ಜುವುದು ನಿಂತು ದಾರ ತುಸು ಭಾರವಾಗುತ್ತದೆ. ಆಗ ಮಣಿಕಟ್ಟು ಮಾತ್ರ ಎತ್ತಿ. ಒಂದು ಸಿಕ್ಕಿದ ಕಡೆ ಇನ್ನೂ ಇರುತ್ತವೆ, ಮತ್ತೆ ಅದೇ ಗೆರೆಯಲ್ಲಿ ತೇಲಿ.

ಮರಳು ಕಳೆದು ನೀರು ಮಬ್ಬಾಗುವ ಕೆಸರು ತಳದಲ್ಲಿ ಅದೇ ಎರೆಗೆ ಕೊಡ್ಡಾಯಿ ಮೀನು. ಬೊಂಡಾಸ್ (ಸ್ಕ್ವಿಡ್) ಬೇಕಿದ್ದವರು ಬೆಳಕು ಏರುವ ಮೊದಲೇ ಕಲ್ಲಿನ ಬದಿ ಜಿಗ್ ಆಡಿಸಬೇಕು. ಹಿಡಿದರೆ ಮೂತಿ ಆಚೆ ತಿರುಗಿಸಿ, ಮಸಿ ಕಾರಿ ಮುಗಿಯಲಿ.

ಮುಟ್ಟಬಾರದ್ದು

ಇದೇ ನೀರಲ್ಲಿ ತೇಡೆ ಎಂಬ ಮೀಸೆ ಮೀನು ಬರುತ್ತದೆ. ಬೆನ್ನಿನದೊಂದು, ಎದೆಯ ಎರಡು ಬದಿಯದ್ದೆರಡು, ಮೂರೂ ಮುಳ್ಳು ವಿಷ. ಚಪ್ಪಟೆ ಮೀನು ತೊರಕೆಯ ಬಾಲದ ಮುಳ್ಳೂ ಹಾಗೆಯೇ. ತೊರಕೆಯನ್ನು ಕಯಾಕಿಗೆ ಎತ್ತಲೇಬೇಡಿ, ದಾರ ಕತ್ತರಿಸಿ. ಚುಚ್ಚಿದರೆ ಸಹಿಸುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ಡಾಕ್ಟರು. ನಾನು ಫ್ಲಾಸ್ಕಿನಲ್ಲಿ ಬಿಸಿ ನೀರು ಒಯ್ಯುವುದು ಚಹಾಕ್ಕೆ ಮಾತ್ರ ಅಲ್ಲ.

ಕಡಲ ಹಾವು ಕಚ್ಚುವ ಸ್ವಭಾವದ್ದಲ್ಲ ಅಂತ ಹೇಳುವವರು ಉಂಟು. ಗಾಳ ನುಂಗಿದ ಹಾವಿಗೆ ಸ್ವಭಾವ ಕೇಳುತ್ತಾ ಕೂರಬೇಡಿ. ಚಪ್ಪಟೆ ಬಾಲ ಕಂಡಿತೋ, ಒಂದು ಮಾರು ದೂರದಲ್ಲೇ ದಾರ ಕತ್ತರಿಸಿ. ಆಮೆ ಸುಳಿದಾಡುತ್ತಿದ್ದರೆ ದಾರ ಎಲ್ಲ ಮೇಲೆತ್ತಿ, ಅದು ಹೋದ ಮೇಲೆ ಹಾಕಿ.

ದಡ

ಹನ್ನೊಂದಕ್ಕೆ ಮೂತಿ ದಡದ ಕಡೆ ತಿರುಗಬೇಕು. ಮೀನು ಕಚ್ಚುತ್ತಿರಲಿ, ಬುಟ್ಟಿ ಖಾಲಿ ಇರಲಿ. ಆ ಗಂಟೆಯನ್ನು ಶನಿವಾರವೇ ಚೀಟಿಯಲ್ಲಿ ಬರೆದಿರುತ್ತೀರಿ, ಕಡಲಲ್ಲಿ ಕೂತು ಚೌಕಾಸಿ ಮಾಡುವುದಲ್ಲ.

ಮಗುಚುವುದು ಹೆಚ್ಚಾಗಿ ಇಲ್ಲೇ, ಕೊನೆಯ ಐವತ್ತು ಮೀಟರಿನಲ್ಲಿ. ತೆರೆ ಒಡೆಯುವ ಜಾಗದ ಹೊರಗೆ ನಿಂತು ರಾಡು ಕಟ್ಟಿ, ಮೀನಿನ ಚೀಲ ಕಟ್ಟಿ, ರಾಡಿನ ಹಗ್ಗಗಳು ಕಾಲಿಗೆ ಸುತ್ತದ ಹಾಗೆ ನೋಡಿ. ದೊಡ್ಡ ಗುಂಪು ಹೋಗಲಿ. ಕೊನೆಯ ತೆರೆಯ ಬೆನ್ನ ಹಿಂದೆ ಹೊರಡಿ, ಅದನ್ನು ಹಿಂದಿಕ್ಕಲು ಹೋಗಬೇಡಿ. ಹಿಂದಿನಿಂದ ಇನ್ನೊಂದು ಎತ್ತಿಕೊಂಡು ಬಂದರೆ ಹಿಂದಕ್ಕೆ ವಾಲಿ, ಹುಟ್ಟನ್ನು ಒಂದು ಬದಿಯಲ್ಲಿ ಹಿಂದೆ ಇಳಿಸಿ ಚುಕ್ಕಾಣಿ ಮಾಡಿ. ಮೊಣಕಾಲು ನೀರಿಗೆ ಬಂದಾಗ ಕಡಲ ಬದಿಗೆ ಇಳಿಯಿರಿ. ಕಯಾಕ್ ಮತ್ತು ದಡದ ನಡುವೆ ಯಾವತ್ತೂ ನಿಲ್ಲಬೇಡಿ. ಮುಂದಿನ ತೆರೆ 30 ಕಿಲೋದ ಕಯಾಕನ್ನು ಮೊಣಕಾಲಿಗೆ ಹೊಡೆಸುತ್ತದೆ. ಮೊದಲು ಹೆಂಡತಿಗೆ ಫೋನು, ಆಮೇಲೆ ಫೋಟೋ.

ಮೀನಿಗೆ ಐಸ್ ಬೆಳಿಗ್ಗೆಯೇ ಚೀಲದಲ್ಲಿರಬೇಕು. ಐಸಿಗೆ ಸ್ವಲ್ಪ ಕಡಲ ನೀರು ಸೇರಿಸಿದರೆ ಮೀನಿನ ಸುತ್ತ ಆವರಿಸಿ ಬೇಗ ತಂಪಾಗುತ್ತದೆ. ಬಂಗುಡೆ, ಕೇದರ್ (ಟ್ಯೂನಾ), ಅಂಜಲ್ ಬಿಸಿಲಲ್ಲಿ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಖಾರ ಅರೆದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ ತಲೆ ಸಿಡಿಯುತ್ತದೆ. ಗೇಣುದ್ದವೂ ಇಲ್ಲದ ಮುರು, ಕೆಂಬೇರಿ ಮರಿ ಸಿಕ್ಕಿದರೆ ಅಲ್ಲೇ ಬಿಡಿ.

ಮನೆಗೆ ಬಂದ ಮೇಲೆ ರೀಲಿಗೆ ಪೈಪಿನ ಜೋರು ನೀರು ಹಿಡಿಯಬೇಡಿ, ಉಪ್ಪು ಒಳಗೇ ನುಗ್ಗುತ್ತದೆ. ಡ್ರ್ಯಾಗ್ ಬಿಗಿಮಾಡಿ, ಮಗ್ಗಿನಿಂದ ನಿಧಾನವಾಗಿ ಸುರಿದು, ಒರೆಸಿ, ಒಣಗಿದ ಮೇಲೆ ಡ್ರ್ಯಾಗ್ ಪೂರಾ ಸಡಿಲ ಬಿಟ್ಟು ಇಡಿ. ಕಯಾಕಿನ ತಳದ ಬಿರಟೆ ಬಿಚ್ಚಿ ಒಂದು ಕಡೆ ಎತ್ತಿ ನೋಡಿ. ಒಂದು ಲೋಟಕ್ಕಿಂತ ಹೆಚ್ಚು ನೀರು ಬಂದರೆ ಎಲ್ಲೋ ಬಿರುಕು ಉಂಟು. ಅದನ್ನು ಹುಡುಕಿ ಮುಚ್ಚದೆ ಮುಂದಿನ ಭಾನುವಾರ ಇಳಿಸುವುದಿಲ್ಲ.